ಸುಲಲಿತ ಜೀವನ

ಚಂದ್ರಾ ಲೇಔಟಿನ ದರ್ಶಿನಿಯೊಂದರ ಮುಂದೆ ಬೈಟೂ ಕಾಫಿ. ರಾಯರು ನಿವೃತ್ತ ಗುಮಾಸ್ತರು. ಗೌಡರಿಗೆ ಮೂರು ಬಾಡಿಗೆ ಮನೆ, ಅಂದರೆ ನಿವೃತ್ತಿ ಇಲ್ಲ.

ರಾಯರು: ಕೇಂದ್ರದವರ ಸುಲಲಿತ ಜೀವನ ಸೂಚ್ಯಂಕದಲ್ಲಿ 2018ರಲ್ಲಿ ಬೆಂಗಳೂರು 58ನೇ ಸ್ಥಾನ. 2021ರ ಮಾರ್ಚಲ್ಲಿ ಮುಂದಿನ ಪಟ್ಟಿ ಬಂತು ನೋಡಿ, ಹತ್ತು ಲಕ್ಷ ದಾಟಿದ ಊರುಗಳಲ್ಲಿ ನಾವೇ ಫಸ್ಟು!

ಗೌಡರು: ಅಷ್ಟರಲ್ಲಿ ಅಂಥದ್ದೇನಾಯ್ತು ಸ್ವಾಮಿ? ನಮ್ಮ ಕ್ರಾಸಲ್ಲಿ ಅಗೆದ ಗುಂಡೀನೇ ಮುಚ್ಚಿರಲಿಲ್ಲ.

ರಾಯರು: ಲೆಕ್ಕದ ಕ್ರಮ ಬದಲಾಯ್ತು. ಆರ್ಥಿಕ ಸಾಮರ್ಥ್ಯದಲ್ಲಂತೂ ನಮ್ಮನ್ನ ಮೀರಿಸಿದೋರಿಲ್ಲ.

ಗೌಡರು: ಮತ್ತೆ! ಕಾವೇರಿ ಬಿಲ್ಲೂ ಕಟ್ಟಿ, ಟ್ಯಾಂಕರಿಗೂ ಕೊಡ್ತೀವಲ್ಲ, ಸಾಮರ್ಥ್ಯ ಇಲ್ದೆ ಆಗುತ್ತಾ?

ರಾಯರು: ಜನರ ಅಭಿಪ್ರಾಯಕ್ಕೇ ನೂರಕ್ಕೆ 30 ಅಂಕ. ನಿಮ್ಮನ್ನ ಕೇಳಿದ್ರೆ ಏನಂತಿದ್ರಿ?

ಗೌಡರು: ‘ಸ್ವರ್ಗ’ ಅಂತಿದ್ದೆ. ನಿಜ ಹೇಳಿದ್ರೆ ಬಾಡಿಗೆ ಇಳಿಯಲ್ವಾ?

ರಾಯರು: ಅವತ್ತೇ ಇನ್ನೊಂದು ಪಟ್ಟೀನೂ ಬಂತು, ಪಾಲಿಕೆಗಳ ಕೆಲಸದ್ದು. ಅದರಲ್ಲಿ ನಾವು 31.

ಗೌಡರು: ಪಾಲಿಕೆ 31, ಊರು 1?

ರಾಯರು: ಹೂಂ.

ಗೌಡರು: ಛೆ, ಅವರು ಇನ್ನೊಂಚೂರು ಕಮ್ಮಿ ಕೆಲಸ ಮಾಡಿದ್ರೆ ಪ್ರಪಂಚಕ್ಕೇ ಫಸ್ಟ್ ಬರ್ತಿದ್ವಿ!