ಇಡ್ಲಿ ಹಬೆಯೂ ಪೈನ್ ಕಿಟಕಿಯೂ

ಮಿನೆಸೋಟಾದಲ್ಲಿ ಕಿಟಕಿ ಚೌಕಟ್ಟಿಗೆ ಚಳಿಗಿಂತ ದೊಡ್ಡ ಶತ್ರು ಇಡ್ಲಿ. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಒಳಗೆ ಇಡ್ಲಿಪಾತ್ರೆ, ಕುಕ್ಕರು, ಕುದಿಯುವ ಸಾರು ಮೂರೂ ಬಿಟ್ಟ ಹಬೆ ತಣ್ಣನೆ ಗಾಜಿಗೆ ತಾಗಿ, ನೀರಾಗಿ ಇಳಿದು, ಕೆಳಗಿನ ಮರದ ಪಟ್ಟಿಯ ಮೇಲೆ ನಿಲ್ಲುತ್ತದೆ. ಸ್ಯಾಂಡ್‌ವಿಚ್ ತಿಂದೇ ಬದುಕುವ ಪಕ್ಕದ ಮನೆಯವರ ಕಿಟಕಿ ಲಕಲಕ ಅನ್ನುತ್ತದೆ. ನಮ್ಮದು ಮೂಲೆಗಳಲ್ಲಿ ಕಪ್ಪಿಟ್ಟಿತ್ತು.

ಬೇಸಿಗೆ ಬಂತು, ಮಾವನವರೂ ಬಂದರು. ತೀರ್ಥಹಳ್ಳಿ ಕಡೆಯವರು, ತೇಗ, ಹೊನ್ನೆ, ಹಲಸು ಬಿಟ್ಟು ಉಳಿದದ್ದೆಲ್ಲ ಅವರ ಲೆಕ್ಕದಲ್ಲಿ ಸೌದೆ. ಪೈನ್ ಚೌಕಟ್ಟಿಗೆ ಉಗುರೊತ್ತಿದರು, ಗುರುತು ಬಿತ್ತು. “ಅಳಿಯಂದ್ರೇ, ಇದು ಟೊಮೇಟೊ ಪೆಟ್ಟಿಗೆ ಮರ ಅಲ್ವೇ?”

ಕಪ್ಪಿಟ್ಟ ಚೌಕಟ್ಟಿಗೆ ಬಳಿಯಲು ಅಂಗಡಿಯಲ್ಲಿ ‘ಅರ್ಲಿ ಅಮೆರಿಕನ್’ ಎಂಬ ಕಂದು ಸ್ಟೇನ್, ಅಂದರೆ ಮರಕ್ಕಿಳಿಯುವ ಬಣ್ಣ, ಸಿಕ್ಕಿತು. ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತೇ ತಲೆ ನರೆತ ನಾನು ಅದನ್ನೇ ತಂದೆ. ಕಿಟಕಿಯಾದರೂ ಬೇಗ ಅಮೆರಿಕನ್ ಆಗಲಿ.

ಪೈನ್ ಬಣ್ಣವನ್ನು ಒಂದೇ ಸಮ ಕುಡಿಯುವುದಿಲ್ಲ, ಅಲ್ಲಲ್ಲಿ ತೇಪೆ ಬೀಳುತ್ತದೆ. ಅದಕ್ಕೇ ಸ್ಯಾಂಡ್‌ಪೇಪರ್ ಉಜ್ಜಿ, ಮೊದಲು ಮರದ ಕಂಡೀಷನರ್ ಬಳಿಯಬೇಕು. ಅಲ್ಲಿಯವರೆಗೆ ಮಾವ ಸುಮ್ಮನಿದ್ದರು. ಸ್ಟೇನ್ ಹಚ್ಚಿ ಐದು ನಿಮಿಷಕ್ಕೆ ನಾನು ಒರೆಸತೊಡಗಿದಾಗ ತಡೆಯಲಾಗಲಿಲ್ಲ. “ದುಡ್ಡು ಕೊಟ್ಟು ತಂದಿದ್ದನ್ನ ಒರೆಸೋದೇ? ನಮ್ಮೂರಲ್ಲಿ ಹೀಗೆ ಮಾಡಿದ್ರೆ ಕೂಲಿ ಸಿಗೋದಿಲ್ಲ.” ನಾನು ಆಫೀಸ್ ಕಾಲ್‌ಗೆ ಹೋದಾಗ ಇನ್ನೊಂದು ಕಿಟಕಿಗೆ ಅವರೇ ದಪ್ಪಗೆ ಬಳಿದು, ಒರೆಸದೆ ಬಿಟ್ಟರು. ಮಾರನೆಯ ದಿನವೂ ಅದು ಹಲಸಿನ ಮೇಣದಂತೆ ಅಂಟುತ್ತಿತ್ತು. ಮೇಲೆ ಮತ್ತಷ್ಟು ಸ್ಟೇನ್ ಹಚ್ಚಿ, ಹಳೆಯದನ್ನು ನೆನೆಸಿ, ಎರಡನ್ನೂ ಒರೆಸಿದೆವು.

ಸ್ಟೇನ್ ಬಣ್ಣ ಕೊಡುತ್ತದೆ, ಅಷ್ಟೆ. ಇಡ್ಲಿಯನ್ನು ಎದುರಿಸುವುದು ಅದರ ಮೇಲೆ ಬಳಿಯುವ ಪಾಲಿಯುರೆಥೇನ್ ವಾರ್ನಿಷ್. ವಾರ್ನಿಷನ್ನು ಡಬ್ಬದಲ್ಲೇ ಕಲಕಬೇಕು, ಡಬ್ಬ ಕುಲುಕಬಾರದು. ಕುಲುಕಿದರೆ ಗುಳ್ಳೆ ಏಳುತ್ತದೆ. ನೀರು ನಿಲ್ಲುವ ಪಟ್ಟಿಗೆ 3 ಕೋಟ್, ನಡುನಡುವೆ 220ರ ಸ್ಯಾಂಡ್‌ಪೇಪರಿನಲ್ಲಿ ಹಗುರವಾಗಿ ಒಂದು ಕೈ.

ನಿಜವಾದ ಗಂಡಾಂತರ ಒರೆಸಿದ ಬಟ್ಟೆಯಲ್ಲಿತ್ತು. ಎಣ್ಣೆ ಸ್ಟೇನ್ ಆರುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ಆ ಬಿಸಿ ಒಳಗೇ ಸೇರಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ನಮ್ಮ ಅತ್ತೆಯೋ, ಒರೆಸಲು ಬಳಸಿದ ಮಾವನವರ ಹಳೇ ಬನಿಯನ್‌ಗಳನ್ನು “ಇನ್ನೊಂದ್ಸಲಕ್ಕೆ ಬರುತ್ತೆ” ಎಂದು ಉಂಡೆ ಕಟ್ಟಿ ಸಿಂಕ್ ಕೆಳಗೆ ಇಟ್ಟಿದ್ದರು! ಓಡಿಹೋಗಿ ತೆಗೆದು, ಹಿತ್ತಲ ಬೇಲಿಯ ಮೇಲೆ ಒಂದೊಂದಾಗಿ ಹರವಿದೆ.

ಕಂದು ಬನಿಯನ್‌ಗಳ ಸಾಲು ಯಾರ ಕಣ್ಣಿಗೆ ಬಿತ್ತೋ, ಬಡಾವಣೆ ಸಂಘದಿಂದ ಪತ್ರ ಬಂತು: ಹೊರಗೆ ಬಟ್ಟೆ ಒಣಹಾಕುವುದು ನಿಷಿದ್ಧ.

ಮಾವ ಕನ್ನಡಕ ಏರಿಸಿ ಪೂರ್ತಿ ಓದಿಸಿಕೊಂಡರು. “ಒಗೆದು ಒಣಹಾಕಿದ್ರೆ ತಾನೇ ತಪ್ಪು? ಇವನ್ನ ಒಗೆದೇ ಇಲ್ಲ ಅಂತ ಬರೀರಿ.”