ಬ್ಯಾಕ್ ಅಲ್ಲ, ಆನರ್ಸ್

ಇಂಜಿನಿಯರಿಂಗ್ ಓದುವವರು ನಾಲ್ಕು ವರ್ಷ ಕಾಲೇಜಿಗೆ ಹೋದರೆ ಹಲಸೂರಿನಲ್ಲಿ ಯಾರೂ ತುಟಿ ಎರಡು ಮಾಡುವುದಿಲ್ಲ. ಬಿ.ಎ. ಓದುವವರು ನಾಲ್ಕನೇ ವರ್ಷಕ್ಕೆ ಕಾಲಿಟ್ಟರೆ ಮಾತ್ರ, ಸೋಮೇಶ್ವರನ ಗುಡಿಯಲ್ಲಿ ಒಂದು ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿರುತ್ತದೆ. “ಪಾಪ, ಎಷ್ಟು ಸಬ್ಜೆಕ್ಟ್ ಬ್ಯಾಕ್ ಉಳಿದಿದೆಯಂತೆ?”

ಉಳಿದಿರುವುದು ಬ್ಯಾಕ್ ಅಲ್ಲ, ಆನರ್ಸ್ ಎಂದು ನಾನು ಎಷ್ಟೋ ಜನಕ್ಕೆ ಹೇಳಿದೆ. ನನ್ನ ತಂಗಿಯ ಮನೆ ಕೆ.ಆರ್. ಪುರದಲ್ಲಿ. ಅವಳ ಮಗಳ ಕಾಲೇಜು ದಂಡಿನ ಕಡೆ ಇದ್ದದ್ದರಿಂದ, ವಾರದ ಅರ್ಧದಷ್ಟು ದಿನ ಹುಡುಗಿ ನಮ್ಮಲ್ಲೇ ಇರುತ್ತಿದ್ದಳು. ಹೀಗಾಗಿ ಅವಳ ನಾಲ್ಕನೇ ವರ್ಷದ ವಿವರಣೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದ ಮನೆಯ ಹಿರಿಯರೊಬ್ಬರಿಗೆ ಮಾತ್ರ ಏನೂ ಹೇಳಬೇಕಾಗಲಿಲ್ಲ. ಹಳೆಯ ಮೈಸೂರು ವಿಶ್ವವಿದ್ಯಾನಿಲಯದ ಕಾಲದಲ್ಲಿ ಅವರ ಸೋದರಮಾವ ಆನರ್ಸ್ ಮಾಡಿದ್ದರಂತೆ. “ಆನರ್ಸಾ? ಹಾಗಾದರೆ ತಹಸೀಲ್ದಾರ್ ಕೆಲಸ ಗ್ಯಾರಂಟಿ” ಎಂದರು.

ಈ ನಾಲ್ಕನೇ ವರ್ಷದ ಹುಟ್ಟೂ ಸಾವೂ ಎರಡೂ ಅವಸರದಲ್ಲೇ ಆದವು. 2021ರ ಆಗಸ್ಟ್‌ನಲ್ಲಿ, ದೇಶದಲ್ಲೇ ಮೊದಲು ನಾವೇ ಎಂದು ನಮ್ಮ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದು ಪದವಿಯನ್ನು ನಾಲ್ಕು ವರ್ಷಕ್ಕೆ ಏರಿಸಿತು. ಆ ವರ್ಷ ಸೇರಿದ ಮಕ್ಕಳು ಮೂರನೇ ವರ್ಷ ಮುಗಿಸುವ ಹೊತ್ತಿಗೆ ವಿಧಾನಸೌಧದಲ್ಲಿ ಬೇರೆ ಸರ್ಕಾರವಿತ್ತು. ಅದು, ಪ್ರೊಫೆಸರ್ ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ ಕೊಟ್ಟ ಮಧ್ಯಂತರ ವರದಿಯನ್ನು ಹಿಡಿದು, 2024ರ ಮೇ ತಿಂಗಳಲ್ಲಿ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ಇಳಿಸಿತು. ಆಗಲೇ ಸೇರಿಕೊಂಡಿದ್ದವರಿಗೆ ಮಾತ್ರ, ಬೇಕಿದ್ದರೆ ನಾಲ್ಕನೆಯದನ್ನೂ ಓದಿಕೊಳ್ಳಿ ಎಂದಿತು. ಮೊದಲ ಬ್ಯಾಚು ಎಂಬ ಹೆಮ್ಮೆ ಆರುವ ಮೊದಲೇ ನಮ್ಮ ಹುಡುಗಿಗೆ ಕೊನೆಯವರ ಸಾಲಿನಲ್ಲಿ ನಿಂತ ಅನುಭವವಾಯಿತು. ಅವಳ ತರಗತಿಯಲ್ಲಿ ಉಳಿದವರು ಒಂದೇ ಆಟೋದಲ್ಲಿ ಹಿಡಿಸುತ್ತಿದ್ದರು.

ಯುಜಿಸಿಯ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕಕ್ಕೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ತೆಗೆದವರು ಸಂಶೋಧನೆ ಸಹಿತ ಆನರ್ಸ್‌ಗೆ ಅರ್ಹರು. ಅವರು ಒಂದು ಪ್ರಬಂಧ ಬರೆಯಬೇಕು, ಅದಕ್ಕೆ 12 ಕ್ರೆಡಿಟ್. ಇದನ್ನೆಲ್ಲ ಕೇಳಿದ ನನ್ನವರು ಒಂದೇ ಪ್ರಶ್ನೆ ಕೇಳಿದರು: “ಪ್ರಬಂಧ ಅಂದರೆ ‘ನಮ್ಮ ರಾಷ್ಟ್ರಪಕ್ಷಿ ನವಿಲು’ ಥರದ್ದೋ?”

ಅಲ್ಲ. ಅವಳು ಆರಿಸಿಕೊಂಡದ್ದು ‘ರಸೆಲ್ ಮಾರುಕಟ್ಟೆಯಲ್ಲಿ ವ್ಯಾಪಾರದ ಕನ್ನಡ: ಒಂದು ಅಧ್ಯಯನ’. ಈ ‘ಒಂದು ಅಧ್ಯಯನ’ ಎಂಬ ಬಾಲ ಇಲ್ಲದೆ ಕರ್ನಾಟಕದಲ್ಲಿ ಯಾವ ಪ್ರಬಂಧವೂ ಬೈಂಡಿಂಗ್‌ವರೆಗೆ ಹೋದದ್ದನ್ನು ನಾನು ಕಂಡಿಲ್ಲ.

ವಿಷಯ ಮಾತ್ರ ಒಳ್ಳೆಯದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಶಿವಾಜಿನಗರದ ಆ ಕಟ್ಟಡ 1927ರದ್ದು. ಊರು ಅದಕ್ಕಿಂತ ಹಳೆಯದು: 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದಾಗ ಮದ್ರಾಸ್ ಸೈನ್ಯದ ಹಿಂದೆ ತಮಿಳರು ಬಂದರು, ವ್ಯಾಪಾರಕ್ಕೆ ದಖನಿ ಆಡುವವರು ಬಂದರು. 1947ರವರೆಗೆ ಈ ಭಾಗ ಮೈಸೂರು ಮಹಾರಾಜರ ಆಡಳಿತದಲ್ಲೇ ಇರಲಿಲ್ಲ. ಪೇಟೆಯ ಬೆಂಗಳೂರೂ ದಂಡಿನ ಬೆಂಗಳೂರೂ ಒಂದೇ ಕಾರ್ಪೊರೇಷನ್ನಿಗೆ ಬಂದದ್ದು 1949ರಲ್ಲಿ. ಇಂಥ ಕಡೆ ಕನ್ನಡ ಯಾವ ಬಾಗಿಲಿನಿಂದ ಒಳಗೆ ಬಂತು, ಯಾವ ಗಲ್ಲೆಯ ಪಕ್ಕ ಕೂತಿತು ಎಂದು ಹುಡುಕುವುದು ಇಪ್ಪತ್ತೊಂದರ ಹುಡುಗಿಗೆ ತಕ್ಕ ಕೆಲಸವೇ.

ತೊಂದರೆ ಶುರುವಾದದ್ದು ಪ್ರಶ್ನಾವಳಿಯಿಂದ. ಹೆಸರು, ವಯಸ್ಸು, ಮಾತೃಭಾಷೆ, ವ್ಯವಹಾರ ಭಾಷೆ ಎಂದು ಕಾಲಂ ಎಳೆದ ಹಾಳೆಗಳನ್ನು ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿಕೊಂಡು ಹುಡುಗಿ ಹೊರಟಳು. ಚೀಲ ಹಿಡಿದು ನಾನು ಹಿಂದೆ. ಬೀನ್ಸ್ ಅಂಗಡಿಯವರು ಹಾಳೆ ನೋಡಿದ್ದೇ ಗಾಬರಿಯಾಗಿ, “ಕಾರ್ಪೊರೇಷನ್ನಾ?” ಎಂದರು. ಕಾಲೇಜು ಎಂದ ಮೇಲೆ ಧೈರ್ಯ ಬಂತು. “ಬರ್ಕೊಳ್ಳೋದು ಆಮೇಲೆ ಬರ್ಕೊಳ್ಳಿ ಮೇಡಂ, ಬೀನ್ಸ್ ಎಷ್ಟು ಹಾಕ್ಲಿ ಹೇಳಿ.”

ಅಂದಿನಿಂದ ಅದೇ ದರ. ಕಾಲು ಕೇಜಿಗೆ ಮಾತೃಭಾಷೆ, ಅರ್ಧ ಕೇಜಿಗೆ ವ್ಯವಹಾರ ಭಾಷೆ. ಮುಕ್ತ ಅಭಿಪ್ರಾಯ ಬೇಕಾದರೆ ಹಣ್ಣಿನ ಸಾಲಿಗೆ ಹೋಗಬೇಕಿತ್ತು, ಅಲ್ಲಿ ಸೇಬಿಗಿಂತ ಕಡಿಮೆ ಯಾವುದಕ್ಕೂ ಬಾಯಿ ಬಿಡುತ್ತಿರಲಿಲ್ಲ. ಮೀನಿನ ಕಡೆಯ ಮಾಹಿತಿದಾತರನ್ನು, ನಮ್ಮ ಮನೆಯ ಅಡುಗೆಯ ದೃಷ್ಟಿಯಿಂದ, ಅಧ್ಯಯನದ ವ್ಯಾಪ್ತಿಯಿಂದಲೇ ಹೊರಗಿಡಲಾಯಿತು. ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಇದಕ್ಕೆ ‘ಅಧ್ಯಯನದ ಮಿತಿಗಳು’ ಎಂಬ ಗಂಭೀರ ಹೆಸರಿದೆ. ನಮ್ಮ ಮನೆಯಲ್ಲಿ ಒಂದು ತಿಂಗಳು ಬೀನ್ಸ್ ಪಲ್ಯ, ಬೀನ್ಸ್ ಹುಳಿ, ಬೀನ್ಸ್ ಉಪ್ಪಿಟ್ಟು. ನನ್ನವರು ತಟ್ಟೆ ನೋಡಿ, “ಇವತ್ತು ಯಾವ ಅಧ್ಯಾಯ?” ಎನ್ನುವುದನ್ನು ಅಭ್ಯಾಸ ಮಾಡಿಕೊಂಡರು.

ಆದರೆ ಉತ್ತರಗಳು! ಮಾತೃಭಾಷೆ ಯಾವುದೆಂದರೆ ಹೂವಿನವರೊಬ್ಬರು ಹೇಳಿದ್ದು: “ಮನೇಲಿ ತಮಿಳು, ಅಂಗಡೀಲಿ ಉರ್ದು, ಪೊಲೀಸ್ ಬಂದ್ರೆ ಕನ್ನಡ.” ಇನ್ನೊಬ್ಬರು ಚೌಕಾಸಿಯನ್ನು ಕನ್ನಡದಲ್ಲಿ ಮಾಡಿ, ಲೆಕ್ಕವನ್ನು ದಖನಿಯಲ್ಲಿ ಹಾಕಿ, ಚಿಲ್ಲರೆ ತಾರದ ಹುಡುಗನನ್ನು ತಮಿಳಿನಲ್ಲಿ ಬೈದರು, ಅದೂ ಒಂದೇ ಉಸಿರಿನಲ್ಲಿ. ವ್ಯಾಪಾರಿ ಭಾಷೆ ಆರಿಸುವುದು ಗಿರಾಕಿ ಬಾಯಿ ತೆರೆಯುವ ಮುಂಚೆ ಎಂಬುದು ಅವಳ ಮುಖ್ಯ ಶೋಧ. ನನ್ನ ಹಣೆಯ ಕುಂಕುಮ, ಮುಡಿದ ಮಲ್ಲಿಗೆ ಕಂಡು ತಮಿಳಿನಲ್ಲಿ ಕರೆದವರೇ ಹಿಂದೆ ಬಂದ ಅವಳ ಜೀನ್ಸ್ ಕಂಡು ಹಿಂದಿಗೆ ಇಳಿಯುತ್ತಿದ್ದರು. “ದೊಡ್ಡಮ್ಮ, ನೀನೀಗ ವೇರಿಯಬಲ್” ಎಂದಳು. ಅರವತ್ತು ದಾಟಿದ ಮೇಲೆ ನನಗೆ ಸಿಕ್ಕ ಬಿರುದು ಅದೊಂದೇ.

ಬರವಣಿಗೆಯ ಭಾಗವನ್ನು ಬೇಗ ಮುಗಿಸುತ್ತೇನೆ, ಅವಳೂ ಹಾಗೆಯೇ ಮುಗಿಸಿದಳು. ಕೆ.ಆರ್. ಪುರದಲ್ಲಿ ನೇರಳೆ ಮೆಟ್ರೋ ಹತ್ತಿ ಬೆನ್ನಿಗಾನಹಳ್ಳಿಗೆ ಲ್ಯಾಪ್‌ಟಾಪ್ ತೆಗೆದರೆ, ಇಂದಿರಾನಗರ ಬರುವಷ್ಟರಲ್ಲಿ ಗೈಡ್ ಹಾಕಿದ ಕೆಂಪು ಗೆರೆಗಳಲ್ಲಿ ಅರ್ಧ ಮಾಯ. ಸೀಟು ಸಿಗದ ದಿನ ಅಡಿಟಿಪ್ಪಣಿ ಮಾತ್ರ.

ಆಮೇಲೆ ಕೃತಿಚೌರ್ಯ ಪರೀಕ್ಷೆ. ಯುಜಿಸಿಯ 2018ರ ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅವಳ ಪ್ರಬಂಧಕ್ಕೆ ಬಂದದ್ದು ಸೊನ್ನೆ! ಮನೆಯಲ್ಲಿ ಕೇಸರಿಭಾತ್ ಮಾಡಿದೆ. ಮಾರನೆಯ ದಿನ ಗುಟ್ಟು ತಿಳಿಯಿತು: ಫೈಲು ಯೂನಿಕೋಡ್‌ನಲ್ಲಿರಲಿಲ್ಲ, ಹಳೆಯ ಆಸ್ಕಿ ಫಾಂಟಿನಲ್ಲಿತ್ತು. ಅದು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಥ ರಾಶಿಯನ್ನು ಜಗತ್ತಿನಲ್ಲಿ ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಯೂನಿಕೋಡ್‌ಗೆ ಬದಲಿಸಿ ಮತ್ತೆ ಹಾಕಿದಾಗ ಹೋಲಿಕೆ ಏರಿತು. ಎಲ್ಲಿ ಅಂತೀರಿ? ‘ಈ ಪ್ರಬಂಧವು ನನ್ನ ಸ್ವಂತ ಅಧ್ಯಯನದ ಫಲವೆಂದು ದೃಢೀಕರಿಸುತ್ತೇನೆ’ ಎಂಬ ಪುಟದಲ್ಲಿ. ಸ್ವಂತದ್ದು ಎನ್ನುವ ಮಾತೊಂದನ್ನು ಮಾತ್ರ ಎಲ್ಲರೂ ಎಲ್ಲರಿಂದ ನಕಲು ಮಾಡಿದ್ದರು.

ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗನೇ ನಿಜವಾದ ಮೌಲ್ಯಮಾಪಕ ಎಂದು ನನ್ನ ಖಚಿತ ಅಭಿಪ್ರಾಯ. “ಎಡಗಡೆ ಒಂದೂವರೆ ಇಂಚು ಮಾರ್ಜಿನ್ ಬಿಡಿ ಅಕ್ಕ, ಬೈಂಡಿಂಗ್‌ನಲ್ಲಿ ಅಕ್ಷರ ನುಂಗಿಬಿಡುತ್ತೆ. ಸರ್ಟಿಫಿಕೇಟ್ ಪುಟ ಮುಂದೆ, ಕೃತಜ್ಞತೆ ಹಿಂದೆ.” ಈ ಕೃತಜ್ಞತೆಯ ಪುಟವೇ ನಮ್ಮ ಕುಟುಂಬದಲ್ಲಿ ಸಂಪೂರ್ಣವಾಗಿ ಓದಲ್ಪಟ್ಟ ಏಕೈಕ ಭಾಗ. ನನ್ನ ಹೆಸರು ಗೈಡ್ ಆದ ಮೇಲೆ ಬರಬೇಕೋ ಅಜ್ಜಿ ಆದ ಮೇಲೋ ಎಂದು ತಂಗಿಯೂ ನಾನೂ ಫೋನಿನಲ್ಲಿ ವಾದ ಮಾಡಿದೆವು. ಬೀನ್ಸ್ ಅಂಗಡಿಯವರು ನಮ್ಮಿಬ್ಬರಿಗಿಂತ ಮೇಲೆ ಬಂದರು. ಬಂಗಾರದ ಅಕ್ಷರದ ರಟ್ಟು ಹಾಕಿಸಿದ ಪ್ರತಿಯೊಂದನ್ನು ಅವರಿಗೆ ತೋರಿಸಿದಾಗ ತಮ್ಮ ಹೆಸರಿನ ಸಾಲನ್ನು ಓದಿಸಿಕೊಂಡು, ರಟ್ಟನ್ನು ಒರೆಸಿ, ಅಂದು ಬೀನ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಚಹಾ ಕುಡಿದು, ಪುಟ ತಿರುವಿ, “ಕೆ.ಆರ್. ಮಾರುಕಟ್ಟೆಯನ್ನು ಯಾಕೆ ಬಿಟ್ಟಿರಿ?” ಎಂದರಂತೆ. ರಸೆಲ್ ಮಾರುಕಟ್ಟೆಯ ಬಗ್ಗೆ ಬರೆದವರಿಗೆ ಕೆ.ಆರ್. ಮಾರುಕಟ್ಟೆ, ಅದರ ಬಗ್ಗೆ ಬರೆದವರಿಗೆ ಮೈಸೂರಿನ ದೇವರಾಜ ಮಾರುಕಟ್ಟೆ ಎಂಬುದು ಈ ಶಾಸ್ತ್ರದ ಸಂಪ್ರದಾಯ. ನಮ್ಮವಳು, “ಸರ್, ದೊಡ್ಡಮ್ಮನಿಗೆ ಅಷ್ಟು ದೂರ ಚೀಲ ಹೊರಲು ಆಗುವುದಿಲ್ಲ” ಎಂದಳಂತೆ. ಪಾಸಾದಳು.

ಈಗ ಅವಳು ಎಂ.ಎ. ಒಂದೇ ವರ್ಷಕ್ಕೆ ಮುಗಿಯುತ್ತದೋ ಎಂದು ವಿಚಾರಿಸುತ್ತಿದ್ದಾಳೆ, ತಹಸೀಲ್ದಾರ್ ಆಗುವ ಸೂಚನೆ ಇಲ್ಲ. ನಾಲ್ಕನೇ ವರ್ಷ ಬೇಕೋ ಬೇಡವೋ ಎಂದು ಆಯೋಗಗಳು ಹೇಳಲಿ. ಮೂರು ವರ್ಷ ನೋಟ್ಸ್ ಬಾಯಿಪಾಠ ಮಾಡಿದ ಹುಡುಗಿ ಅಪರಿಚಿತರೊಬ್ಬರ ಮುಂದೆ ನಿಂತು ಪ್ರಶ್ನೆ ಕೇಳಿ, ಬಂದ ಉತ್ತರಕ್ಕೆ ಬೆರಗಾಗಿದ್ದು ಆ ವರ್ಷದಲ್ಲೇ ಎಂಬುದಕ್ಕೆ ನಾನು ಸಾಕ್ಷಿ. 2023-24ರಲ್ಲಿ ಸೇರಿದವರೇ ಈ ವ್ಯವಸ್ಥೆಯ ಕೊನೆಯ ತಂಡ. ಅವರಲ್ಲೊಬ್ಬರು ಕ್ಲಿಪ್‌ಬೋರ್ಡ್ ಹಿಡಿದು ಶಿವಾಜಿನಗರದಲ್ಲೋ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲೋ ನಿಮಗೆ ಅಡ್ಡ ಬಂದರೆ ದಯವಿಟ್ಟು ಎರಡು ನಿಮಿಷ ನಿಂತು ಉತ್ತರ ಹೇಳಿ. ವಯಸ್ಸಿನ ಕಾಲಂ ಬೇಕಿದ್ದರೆ ಖಾಲಿ ಬಿಡಿ, ನಾನೂ ಬಿಟ್ಟಿದ್ದೇನೆ.