ಅತ್ತೆಯ ಮಂಚ

ಕಿಕ್ಕೇರಿ ಎಂದರೆ ‘ಮೈಸೂರ ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ದಾಂಪತ್ಯದ ಕವಿಯ ಊರಿನಲ್ಲೇ ನಾವಿಬ್ಬರು ಗುಟ್ಟಾಗಿ ಮಾತಾಡಲು ಕೆರೆ ಏರಿಗೆ ಹೋಗಬೇಕು! ಭಾಗವಾದಾಗ ತೊಟ್ಟಿಮನೆಯಲ್ಲಿ ನಮಗೆ ಸಿಕ್ಕಿದ್ದು ಒಂದು ಪಡಸಾಲೆ, ಒಂದು ಅಡುಗೆಮನೆ, ಜೊತೆಗೆ ಅತ್ತೆ ಮತ್ತು ಅವರ ಮಂಚ.

ಹಿಂದಿನವರು ರಾಗಿಯನ್ನು ನೆಲದಡಿಯ ಹಗೇವಿಗೆ ಸುರಿದು, ಬಾಯಿ ಮುಚ್ಚಿ, ವರ್ಷಗಟ್ಟಲೆ ನಿಶ್ಚಿಂತೆಯಿಂದ ಇರುತ್ತಿದ್ದರು. ಈಗ ಹಗೇವಿನ ಕೆಲಸ ಮಂಚದ್ದು. ಅಡಿಯಲ್ಲಿ ರಾಗಿಮೂಟೆ, ಬೆಲ್ಲದ ಡಬ್ಬ, ಟ್ರಂಕು. ಟ್ರಂಕಿನೊಳಗೆ ರೇಷ್ಮೆಸೀರೆ, ಸೀರೆಯ ಮಡಿಕೆಯಲ್ಲಿ ಮನೆಪತ್ರ. ತೆಂಗಿನಕಾಯಿಯಂತೂ ಗೋಡೆಯ ಮೂಲೆಗೇ ಉರುಳಿರುತ್ತದೆ.

“ಅತ್ತೆ, ಒಸಿ ಏಳ್ತೀರಾ? ಕಾಯಿ ಬೇಕಿತ್ತು.”

“ಈಗ್ತಾನೆ ಕಣ್ಣು ಹತ್ತಿತ್ತು ಕಣವ್ವ. ಕಾಯಿ ಇಲ್ದಿದ್ರೆ ಬಸ್ಸಾರು ಆಗಾಕಿಲ್ವಾ?”

ಮೊನ್ನೆ ಯಜಮಾನರು ಬೀರು ತರೋಣ ಎಂದರು.

“ಎಲ್ಲಿಡೋದು?” ಎಂದೆ.

ಅವರು ಮಂಚದ ಕಡೆ ನೋಡಿದರು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು.